ಕರಕರ ಅನ್ನುತ್ತಿದ್ದ ನಾಬ್

ಆದಿತ್ಯವಾರ ಬೆಳಿಗ್ಗೆ ಅಪ್ಪನ ಉಗುರು ಕತ್ತರಿಸುವುದು ನನ್ನ ಕೆಲಸ. ಜಗಲಿಯಲ್ಲಿ ಹಳೆಯ ಪೇಪರ್ ಹಾಸಿ, ಅವರ ಕೈಯನ್ನು ನನ್ನ ಮೊಣಕಾಲ ಮೇಲಿಟ್ಟು, ಒಂದೊಂದೇ ಬೆರಳು ಹಿಡಿಯುತ್ತೇನೆ. ಸ್ಟ್ರೋಕ್ ಆದ ಮೇಲೆ ಅಪ್ಪನ ಮಾತು ಬಾಯಿಯೊಳಗೇ ಉಳಿಯುತ್ತದೆ. ನನ್ನದು ಮೊದಲಿನಿಂದಲೂ ಕಡಿಮೆ. ಎಡಗೈ ಮುಗಿಸಿದೆ. ಆ ಕೈ ಈಗ ಯಾವ ಕೆಲಸಕ್ಕೂ ಬರುವುದಿಲ್ಲ, ಉಗುರು ಮಾತ್ರ ಬೆಳೆಯುತ್ತದೆ. ಬಲಗೈ ಎತ್ತಿಕೊಂಡಾಗ ಐದು ಉಗುರಿನ ಸಂದಿಯಲ್ಲೂ ಕಪ್ಪು ಗ್ರೀಸ್ ಇತ್ತು.

ಅಪ್ಪ ಮಲ್ಪೆಯ ಮೀನಿನ ಟ್ರಾಲ್ ಬೋಟಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದವರು. ಇಪ್ಪತ್ತೆರಡು ವರ್ಷ ಅವರ ಉಗುರು ಹೀಗೇ ಇತ್ತು. ಆದರೆ ಈಗ ಒಂದೂವರೆ ವರ್ಷದಿಂದ ಅವರು ಕಾಪುವಿನ ಈ ಮನೆಯ ಅಂಗಳ ದಾಟಿಲ್ಲ. ನಾನು ಮುಖ ನೋಡಿದೆ. ಅಪ್ಪ ಒಳಕೋಣೆಯ ಕಡೆ ಗಲ್ಲ ತೋರಿಸಿ, ಅರ್ಧ ಬಾಯಿಯಲ್ಲಿ ನಕ್ಕರು.

ಒಳಕೋಣೆಯಲ್ಲಿದ್ದದ್ದು ನನ್ನ ಬೇಸ್ ಗಿಟಾರ್. ಅದು ಮನೆಗೆ ಬಂದು ಮೂರು ದಿನವಾಗಿತ್ತು.

ಅಮ್ಮ ತೀರಿಕೊಂಡ ವರ್ಷ, ಒಂಬತ್ತನೆಯ ಕ್ಲಾಸಿನಲ್ಲಿ, ನಾನು ಶಾಲೆ ಬಿಟ್ಟೆ. ಆಗಿನಿಂದ ಮಲ್ಪೆಯ ಶೆಡ್ಡಿನಲ್ಲಿ ಸಿಗಡಿ ಸುಲಿಯುತ್ತೇನೆ. ಪಕ್ಕದಲ್ಲಿ ಕೂರುವವಳು ಲವೀನಾ. ಅವಳ ಅಣ್ಣ ಸ್ಟೀವನ್‌ಗೆ ಉದ್ಯಾವರದಲ್ಲಿ ಒಂದು ಬ್ಯಾಂಡ್ ಇದೆ. ಮದುವೆಗೆ, ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರಕ್ಕೆ ಬಾರಿಸುತ್ತಾರೆ. ಅವರ ಗ್ಯಾರೇಜಿನಲ್ಲಿ ಪ್ರಾಕ್ಟೀಸ್ ನಡೆಯುವಾಗ ನಾನು ಬಾಗಿಲ ಬಳಿ ಕೂತು ನೋಡುತ್ತಿದ್ದೆ. ಎಲ್ಲರೂ ನೋಡುವುದು ಹಾಡುವವನನ್ನು. ನಾನು ನೋಡುತ್ತಿದ್ದದ್ದು ಹಿಂದೆ ನಿಂತು ನಾಲ್ಕು ದಪ್ಪ ತಂತಿ ಬಾರಿಸುವವನನ್ನು. ಅವನು ನಿಲ್ಲಿಸಿದರೆ ಹಾಡಿನ ಕಾಲು ನೆಲ ಬಿಟ್ಟ ಹಾಗಾಗುತ್ತಿತ್ತು. ಅಪ್ಪನ ಬೋಟು ಬಂದರಿನ ಧಕ್ಕೆಗೆ ಬರುವಾಗ ಇಂಜಿನ್ನಿನ ಸದ್ದು ಕಿವಿಗಿಂತ ಮೊದಲು ಪಾದಕ್ಕೆ ಗೊತ್ತಾಗುತ್ತಿತ್ತಲ್ಲ, ಅಂಥದೇ ಸದ್ದು.

ಬ್ಯಾಂಡಿನ ಆ ಹುಡುಗನ ಬೇಸಿನಲ್ಲೇ ಸ್ಟೀವನಣ್ಣ ನನಗೆ ನಾಲ್ಕು ತಿಂಗಳು ಕಲಿಸಿದರು. ಆಮೇಲೆ ಅವನು ದುಬೈಗೆ ಹೋದ, ಬೇಸನ್ನೂ ಒಯ್ದ.

“ನೀನೇ ಒಂದು ತಕ್ಕೊ,” ಅಂದರು ಸ್ಟೀವನಣ್ಣ. “ಆದಿತ್ಯವಾರ ತಾ, ಎಲ್ಲರೊಟ್ಟಿಗೆ ಬಾರಿಸು. ಸರಿ ಆದ್ರೆ ಈ ಸೀಸನ್ ನಿನ್ನದು. ಶಿರ್ವದ ಡೀನ್, ಅವನೂ ಬೇಸಿನವನು, ದಿನಾ ಫೋನ್ ಮಾಡ್ತಾನೆ. ನಿನಗೋಸ್ಕರ ಅವನನ್ನು ನಿಲ್ಲಿಸಿದ್ದೇನೆ, ಗೊತ್ತಾಯ್ತಾ?”

ನನ್ನ ಹತ್ತೊಂಬತ್ತು ವರ್ಷದಲ್ಲಿ ನನಗೋಸ್ಕರ ಯಾರೂ ಯಾರನ್ನೂ ನಿಲ್ಲಿಸಿದ್ದಿಲ್ಲ.

ಉಡುಪಿಯ ಅಂಗಡಿಯಲ್ಲಿ ಬೇಸ್ ಇದ್ದದ್ದು ಎರಡೇ. ಕೆಂಪಿನದು ಹೊಸದು, ಉದ್ದ. ಕಪ್ಪಿನದು ಗಿಡ್ಡ ಕತ್ತಿನದು. ಮಣಿಪಾಲದಲ್ಲಿ ಓದುತ್ತಿದ್ದ ಯಾರೋ ಕೋರ್ಸ್ ಮುಗಿಸಿ ಊರಿಗೆ ಹೋಗುವಾಗ ಕೊಟ್ಟು ಹೋದದ್ದು. ಹಿಂದುಗಡೆ ಒಂದು ನೀಲಿ ಆಮೆಯ ಸ್ಟಿಕ್ಕರ್. ಅಂಗಡಿಯವರು ಮಾತಾಡಿದ್ದೆಲ್ಲ ಲವೀನಾಳ ಹತ್ತಿರ.

“ಇವಳಿಗಾ? ನಾನು ನಿಮಗೆ ಅಂತ ಎಣಿಸಿದೆ. ಇದು ಭಾರ ಉಂಟಮ್ಮ. ಸಣ್ಣ ಗಿಟಾರ್, ಉಕುಲೆಲೆ, ತೋರಿಸ್ಲಾ?”

“ಅವಳು ಸಿಗಡಿ ಕ್ರೇಟ್ ಒಬ್ಬಳೇ ಎತ್ತುತ್ತಾಳೆ,” ಅಂದಳು ಲವೀನಾ. “ನೀವೊಮ್ಮೆ ಎತ್ತಿ ನೋಡುವಾ!”

ಕೆಂಪನ್ನು ತೊಡೆಯ ಮೇಲಿಟ್ಟುಕೊಂಡೆ. ಕತ್ತಿನ ಮೇಲಿನ ಲೋಹದ ಗೆರೆಗಳಲ್ಲಿ, ಮೊದಲ ಫ್ರೆಟ್ಟಿನಲ್ಲಿ ತೋರುಬೆರಳಿಟ್ಟರೆ ನಾಲ್ಕನೆಯದಕ್ಕೆ ಕಿರುಬೆರಳು ತಲುಪಲಿಲ್ಲ. ಎಳೆದು ತಲುಪಿಸಿದರೆ ಮಣಿಕಟ್ಟು ನೋಯಿತು. ಕಪ್ಪಿನದರಲ್ಲಿ ಬೆರಳು ತಾನಾಗಿ ಹೋಗಿ ಕೂತಿತು. ಒಂದು ಕಣ್ಣು ಮುಚ್ಚಿ ಅದರ ಕತ್ತು ನೆಟ್ಟಗಿದೆಯೇ ನೋಡಿದೆ. ನಾಲ್ಕು ತಂತಿಯಲ್ಲೂ ಕೆಳಗಿಂದ ಮೇಲಿನವರೆಗೆ ಪ್ರತಿ ಫ್ರೆಟ್ ಒತ್ತಿ ಕೇಳಿದೆ. ಅಂಗಡಿಯವರ ಚಾ ತಣಿಯಿತು.

“ಬಂಗುಡೆ ಮೀನಿನ ಕಿವಿರು ಎತ್ತಿ ನೋಡುವ ಹಾಗೆ ನೋಡ್ತಾಳಲ್ಲ ಮಾರಾಯ್ರೆ ಇವಳು!” ಅಂದರು ಅವರು.

ಕೊರತೆ ಒಂದೇ ಇತ್ತು. ಸದ್ದು ಏರಿಸುವ ನಾಬ್ ತಿರುಗಿಸಿದರೆ ಸ್ಪೀಕರಿನಲ್ಲಿ ಕರಕರ ಅನ್ನುತ್ತಿತ್ತು.

“ಅದು ಎಂತದೂ ಇಲ್ಲ, ಒಳಗೆ ಧೂಳು. ಅದಕ್ಕೊಂದು ಸ್ಪ್ರೇ ಬರ್ತದೆ, ಹೊಡೆದ್ರೆ ಹೋಯ್ತು. ಆದ್ರೆ ಹಳೆಯದನ್ನು ವಾಪಸ್ ತಕ್ಕೊಳ್ಳುವುದಿಲ್ಲ, ಈಗಲೇ ಹೇಳಿದ್ದೇನೆ.”

“ಇದು ಸಾಕು,” ಅಂದೆ. ಆ ಅಂಗಡಿಯಲ್ಲಿ ನಾನಾಡಿದ ಮಾತು ಅದೊಂದೇ. ಎರಡು ವರ್ಷ ಕೂಡಿಟ್ಟದ್ದು ಅಲ್ಲಿಗೆ ಮುಗಿಯಿತು. ಬಸ್ಸಿನಲ್ಲಿ ಅದನ್ನು ಮಗುವಿನ ಹಾಗೆ ಮಡಿಲಲ್ಲಿ ಹಿಡಿದುಕೊಂಡು ಬಂದೆ.

ಮನೆಯಲ್ಲಿ ಅಪ್ಪ ಬಲಗೈಯಿಂದ ಅದರ ಮೈ ಸವರಿ ನೋಡಿದರು. ನಾನು ಸುಮ್ಮನಿರಬಹುದಿತ್ತು. ದಿನಾ ಸುಮ್ಮನೇ ಇರುವವಳು. ಆ ದಿನ ಖುಷಿ ತಡೆಯದೆ ಹೇಳಿದೆ: “ಎಲ್ಲ ಸರಿ ಉಂಟಪ್ಪ. ಈ ನಾಬ್ ಒಂದು ಸ್ವಲ್ಪ ಕರಕರ ಅಂತದೆ.”

ಅಪ್ಪ ಅದನ್ನು ಎರಡು ಸಲ ಮೆಲ್ಲಗೆ ತಿರುಗಿಸಿ ತಲೆಯಾಡಿಸಿದರು.

ಈಗ, ಉಗುರು ಅರ್ಧಕ್ಕೇ ಬಿಟ್ಟು ಒಳಗೆ ಹೋಗಿ ಚೀಲದ ಜಿಪ್ ಎಳೆದೆ. ಡೀಸೆಲ್ ಮತ್ತು ಗ್ರೀಸಿನ ವಾಸನೆ, ಬೋಟಿನ ಕೆಳಕೋಣೆಯ ವಾಸನೆ, ಮುಖಕ್ಕೆ ಬಂತು. ಶನಿವಾರ ನಾನು ಶೆಡ್ಡಿನಲ್ಲಿದ್ದಾಗ, ಸಮುದ್ರದ ಗಾಳಿ ತಾಗುವ ಕಬ್ಬಿಣಕ್ಕೆ ಮಾಡುವುದನ್ನೆಲ್ಲ ಅಪ್ಪ ಮಾಡಿದ್ದರು. ಮೊದಲು ಬಾವಿಯ ಸಿಹಿ ನೀರು. ಆಮೇಲೆ ಬಿಸಿಲು. ಆಮೇಲೆ, ಬಲೆ ಎಳೆಯುವ ವಿಂಚಿನ ರೋಪಿಗೆ ಹಚ್ಚುವ ಹಾಗೆ, ನಾಲ್ಕು ತಂತಿಗೂ ಹಳೆಯ ಡಬ್ಬಿಯ ಗ್ರೀಸ್. ಹಿಂದಿನ ಮುಚ್ಚಳದ ಸ್ಕ್ರೂಗಳ ತಲೆಯಲ್ಲಿ ಹೊಸ ಗೀರುಗಳಿದ್ದವು. ಬಿಚ್ಚಿ ನೋಡಿದೆ. ಒಳಗೆ ವೈರುಗಳು ಕಾಣದ ಹಾಗೆ ಗ್ರೀಸ್ ತುಂಬಿಸಿದ್ದರು. ಆಮೆಯ ಸ್ಟಿಕ್ಕರ್ ನೀರಿಗೆ ಹೋಗಿತ್ತು. ಒಂದೇ ಕೈಯಲ್ಲಿ ಆ ಸ್ಕ್ರೂಗಳನ್ನು ತೆಗೆದು ಮತ್ತೆ ಹಾಕಲು ಇಡೀ ಮಧ್ಯಾಹ್ನ ಹಿಡಿದಿರಬೇಕು.

ಅಪ್ಪ ಗೋಡೆ ಹಿಡಿದು ಬಾಗಿಲವರೆಗೆ ಬಂದಿದ್ದರು. ಬಗ್ಗಿ ನಾಬ್ ತಿರುಗಿಸಿದರು. ಬೆಣ್ಣೆಯ ಹಾಗೆ ತಿರುಗಿತು.

“ನು... ನುಣ್ಣಗೆ,” ಅಂದರು. ಆ ವಾರ ಅವರ ಬಾಯಿಂದ ಪೂರ್ತಿ ಹೊರಬಂದ ಒಂದೇ ಮಾತು.

“ಹೌದಪ್ಪ. ಒಳ್ಳೆದಾಯ್ತು,” ಅಂದೆ. ಕೂತು ಉಳಿದ ಉಗುರು ಕತ್ತರಿಸಿದೆ. ಆಮೇಲೆ ಹಳೆಯ ಲುಂಗಿಯ ತುಂಡಿನಿಂದ ಆದಷ್ಟು ಒರೆಸಿ ಉದ್ಯಾವರದ ಬಸ್ಸು ಹತ್ತಿದೆ. ಒಣಗಿದರೆ ಸದ್ದು ಬಂದೀತು ಎಂದು ದಾರಿಯುದ್ದಕ್ಕೂ ಎಣಿಸಿಕೊಂಡೆ.

ಗ್ಯಾರೇಜಿನಲ್ಲಿ ಸ್ಟೀವನಣ್ಣ ಕೇಬಲ್ ಚುಚ್ಚಿದರು. ಸ್ಪೀಕರ್ ಒಮ್ಮೆ ಗುಂಯ್ ಅಂದು ಸುಮ್ಮನಾಯಿತು. ಇನ್ನೊಂದು ಕೇಬಲ್ ಹಾಕಿದರು. ಅದೂ ಇಲ್ಲ. ತಂತಿ ಮುಟ್ಟಿ, ಬೆರಳು ಮೂಸಿದರು.

“ಎಂತ ಮಾರಾಯ್ತಿ ಇದು, ಬೇಸಾ ವಿಂಚಾ?”

ಡ್ರಮ್ಮಿನವನು ಕೂತಲ್ಲಿಂದ ಬಿದ್ದು ಬಿದ್ದು ನಕ್ಕ. ಸ್ಟೀವನಣ್ಣ ನಗಲಿಲ್ಲ. ಮುಚ್ಚಳ ಬಿಚ್ಚಿ ನೋಡಿ ನನ್ನ ಕಡೆ ತಿರುಗಿದರು. “ಗ್ರೀಸ್ ಹಾಕಿದ್ದು ಯಾರು?”

ಅಪ್ಪ ಅಂತ ಹೇಳಿದರೆ ಅದು ಇವರಿಗೆ ಜೋಕಾಗುತ್ತದೆ. ಒಂದು ಮದುವೆಯಿಂದ ಇನ್ನೊಂದು ಮದುವೆಗೆ ಹೋಗುತ್ತದೆ. ಮಲ್ಪೆಯವರೆಗೂ ಬರುತ್ತದೆ.

“ನಾನೇ,” ಅಂದೆ. “ತುಕ್ಕು ಹಿಡೀಬಾರ್ದು ಅಂತ.”

“ನೀನಾ?”

“ಅಣ್ಣ, ಅವಳು ಹಾಗೆಲ್ಲ—” ಅಂದಳು ಲವೀನಾ.

“ನೀನು ಸುಮ್ನಿರು. ನಾಲ್ಕು ತಿಂಗಳು ನಾನು ಕಲಿಸಿದ್ದು ಎಂತದನ್ನು ಹಾಗಾದ್ರೆ? ಮುಂದಿನ ತಿಂಗಳು ಐದು ಮದುವೆ ಉಂಟು, ಹರ್ಷಿಣಿ. ಸ್ಟೇಜಲ್ಲಿ ಇಂಥದ್ದು ಮಾಡಿ ಇಟ್ರೆ ನಾನು ಯಾರಿಗೆ ಮುಖ ತೋರಿಸ್ಲಿ?” ಉತ್ತರಕ್ಕೆ ಕಾಯದೆ ಫೋನ್ ತೆಗೆದರು.

ಅರ್ಧ ಗಂಟೆಯಲ್ಲಿ ಡೀನ್ ಬೈಕಿನಲ್ಲಿ ಬಂದ. ಅವನದು ಕೆಂಪು ಬೇಸ್, ಅಂಗಡಿಯಲ್ಲಿ ನಾನು ಬಿಟ್ಟು ಬಂದಂಥದೇ. ಚೆನ್ನಾಗಿ ಬಾರಿಸುತ್ತಿದ್ದ. ನೆಲದ ಮೂಲಕ ಆ ಸದ್ದು ನನ್ನ ಪಾದಕ್ಕೆ ಬರುತ್ತಿತ್ತು. ನಾನು ಮೊದಲಿನ ಜಾಗದಲ್ಲೇ, ಬಾಗಿಲ ಬಳಿ, ಚೀಲ ತಬ್ಬಿಕೊಂಡು ಕೂತಿದ್ದೆ. ಈಗ ನನ್ನ ಉಗುರಿನ ಸಂದಿಯಲ್ಲೂ ಕಪ್ಪು.

ಎರಡನೇ ಹಾಡು ಮುಗಿದಾಗ ಎದ್ದು ನಿಂತೆ.

“ಸ್ಟೀವನಣ್ಣ,” ಅಂದೆ.

ಅವರು ಡೀನ್‌ಗೆ ಮದುವೆಯ ತಾರೀಕುಗಳನ್ನು ಹೇಳುತ್ತಿದ್ದರು. ಡ್ರಮ್ಮಿನವನು ಕೋಲುಗಳನ್ನು ಎತ್ತಿ ಮೂರನೆಯ ಹಾಡಿಗೆ ತಾಳ ಎಣಿಸತೊಡಗಿದ. ನನ್ನಿಂದಾಗುವಷ್ಟು ದೊಡ್ಡ ದನಿ ಮಾಡಿ ಇನ್ನೊಮ್ಮೆ ಕರೆದೆ.

“ಸ್ಟೀವನಣ್ಣ, ಡೀನನ ಬೇಸ್ ಒಂದು ಹಾಡಿಗೆ ನನಗೆ ಕೊಡ್ತೀರಾ?”