ಹೋಳಿಗೆ ಸಿಟ್ಟಿನ ಅರವಟ್ಟಿಗೆ

ನೆರೆಯವನಿಗೆ ಅಪಶಕುನವಾಗಲಿ ಎಂದು ಮೂಗು ಕೊಯ್ದುಕೊಂಡವನ ಸುದ್ದಿ ಎಲ್ಲರಿಗೂ ಗೊತ್ತು. ಮಸ್ಕಿಯ ಆದೆಪ್ಪ ಅಷ್ಟು ದಡ್ಡನಲ್ಲ, ಅರವಟ್ಟಿಗೆ ಇಟ್ಟ. ಪಕೀರಪ್ಪ ತನ್ನ ಮಗಳ ಮದುವೆಯಲ್ಲಿ ಅವನನ್ನು ಮೂರನೇ ಪಂಕ್ತಿಗೆ ಕೂರಿಸಿದ್ದ. ಅಷ್ಟರಲ್ಲಿ ಹೋಳಿಗೆ ಮುಗಿದು ಅನ್ನ ಸಾರು ಉಳಿದಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಪಕೀರಪ್ಪನದು ಸೋಡಾ ಅಂಗಡಿ. ಅವನ ಸೋಡಾ ಒಬ್ಬರೂ ಕುಡಿಯಬಾರದೆಂದು ಆದೆಪ್ಪ ಅಂಗಡಿಯ ಎದುರಿಗೇ, ಬೇವಿನ ನೆರಳಲ್ಲಿ, ದಾರಿಹೋಕರಿಗೆ ಪುಕ್ಕಟೆ ನೀರಿನ ನಾಲ್ಕು ಹರವಿ ಕೂರಿಸಿದ. ಮೂರು ಬೇಸಿಗೆ ದಿನಾ ಮುಂಜಾನೆ ಹಲ್ಲು ಕಡಿಯುತ್ತ ಅವನ್ನು ತುಂಬಿದ.

ಊರು ಅವನನ್ನು ಪುಣ್ಯವಂತ ಎಂದಿತು. "ಪುಣ್ಯ ಅಲ್ರೀ, ಹೋಳಿಗಿ ಸಿಟ್ಟಿಗೆ ಇಟ್ಟೀನಿ" ಎಂದು ಇದ್ದದ್ದು ಹೇಳಿದರೆ, ಎಂಥಾ ವಿನಯವಂತ ಎಂದು ಇನ್ನಷ್ಟು ಹೊಗಳಿದರು.

ನಾಲ್ಕನೇ ಬೇಸಿಗೆಗೆ ಪಕೀರಪ್ಪ ಅಂಗಡಿ ಕಿತ್ತುಕೊಂಡು ಸಿಂಧನೂರಿಗೆ ಹೋದ. ಮರುದಿನ ಆದೆಪ್ಪನಿಗೆ ಕೊಡ ಎತ್ತಲಾಗಲಿಲ್ಲ. ಬಿಸಿಲಿನ ಮೇಲೆ ಸಿಟ್ಟು ಮಾಡಿ ನೋಡಿದ, ಭಾವಮೈದುನನ ಮೇಲೆ ಮಾಡಿ ನೋಡಿದ. ಯಾವ ಸಿಟ್ಟೂ ಅರ್ಧ ಕೊಡಕ್ಕಿಂತ ಮುಂದೆ ಬರಲಿಲ್ಲ. ಲಿಂಗಸುಗೂರಿನ ದವಾಖಾನೆಗೆ ಹೊರಟಿದ್ದ ಮುದುಕಿ ಪೀರಮ್ಮ, ಅಂಗೈಯಲ್ಲಿ ಬಿಪಿ ಗುಳಿಗೆ ಹಿಡಿದು ಬರಿದಾದ ಹರವಿಯೊಳಗೆ ಇಣುಕಿದಳು.

"ಹೆಂಗ ನುಂಗ್ಲೋ ಯಪ್ಪಾ?"

ಆದೆಪ್ಪನಿಗೆ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಸಿಂಧನೂರು ಬಸ್ ಹತ್ತಿ ಪಕೀರಪ್ಪನ ಹೊಸ ಅಂಗಡಿಯ ಮುಂದೆ ನಿಂತ.

"ವಾಪಸ್ ಬಾ ಪಕೀರಪ್ಪ. ನೀ ಇಲ್ದ ನೀರು ತುಂಬಾಕ ಆಗವಲ್ದು."

ಪಕೀರಪ್ಪ ಬಹಳ ಹೊತ್ತು ಯೋಚಿಸಿದ. "ಹಂಗಾರ ಮೂರು ವರ್ಷದ ಪುಣ್ಯ ನಂದಲೇ."

"ಕೊಡ ಹೊತ್ತಾವ ನಾನು."

"ಹೊರಿಸಿದಾವ ನಾನು."

ಸೋಡಾ ಕುಡಿಯಲು ಬಂದವರೆಲ್ಲ ನ್ಯಾಯಕ್ಕೆ ಕೂತರು, ಬಗೆಹರಿಯಲಿಲ್ಲ. ಕೊನೆಗೆ ಪಕೀರಪ್ಪನೇ ದಾರಿ ಹುಡುಕಿದ. "ನಾ ಬರಾಂಗಿಲ್ಲ. ದಿನಾ ಮುಂಜಾನೆ ಫೋನ್ ಹಚ್ಚಿ ಬೈತೀನಿ. ಅರ್ಧ ಪುಣ್ಯ ನಂದು."

ಹಾಳಾಗಿ ಹೋಗಲಿ ಎಂದು ಆದೆಪ್ಪ ಒಪ್ಪಿದ. ಅಂದಿನಿಂದ ಆರು ಗಂಟೆಗೆ ಫೋನ್ ಬರುತ್ತಿತ್ತು. "ಹೋಳಿಗಿ ಭಾಳ ಮೆತ್ತಗಾಗಿದ್ವು. ನಿನಗ ಸಿಗಲಿಲ್ಲ ಬಿಡು." ಆದೆಪ್ಪ ಮೈಯೆಲ್ಲ ಉರಿದು ನಾಲ್ಕೂ ಹರವಿ ತುಂಬಿಬಿಡುತ್ತಿದ್ದ.

ಒಂದು ಮಂಗಳವಾರ ಫೋನ್ ಬರಲಿಲ್ಲ. ಏಳಾಯಿತು. ಪೀರಮ್ಮ ಬಂದು ಹರವಿ ನೋಡಿ, ಬೇವಿನ ಬುಡದಲ್ಲಿ ಕೂತಳು. ಅಂಗೈಯಲ್ಲಿ ಗುಳಿಗೆ ಕರಗುವಷ್ಟು ಬೆವತಿದ್ದಳು. ಆದೆಪ್ಪ ಫೋನ್ ನೋಡಿದ, ಅವಳನ್ನು ನೋಡಿದ, ಕೊಡ ಎತ್ತಿದ.

ಅವಳು ಗುಳಿಗೆ ನುಂಗಿ ಬಸ್ ಹತ್ತಿದ ಮೇಲೆ ಫೋನ್ ಬಂತು.

"ಎಚ್ಚರಾಗ್ಲಿಲ್ಲಪ್ಪ. ಈಗ ಬೈಲೇನು?"

"ಬ್ಯಾಡ. ತುಂಬೀನಿ."

"ಯಾರ ಮ್ಯಾಲಿನ ಸಿಟ್ಟಿಗೆ?"

"ಯಾರ ಮ್ಯಾಲೂ ಅಲ್ಲ. ಪೀರಮ್ಮ ಕುಂತಿದ್ಲು."

ಆ ಕಡೆ ಪಕೀರಪ್ಪ ಪುಣ್ಯದ ಲೆಕ್ಕ ಹಾಕಿದ.

"ಹಂಗಾರ ಇವತ್ತಿಂದು ಪೂರಾ ನಿನಗ ಹೋತು" ಎಂದ, ಹೊಟ್ಟೆ ಉರಿದುಕೊಂಡು. "ನಾಳಿಂದ ಐದಕ್ಕ ಫೋನ್ ಮಾಡ್ತೀನಿ."