ಮಸಿ ಸುಡುವ ಹೊತ್ತು

"ನಿಂತೇಬಿಡ್ತಲ್ಲಮ್ಮ!" ಎಂದರು ಮಾವ. ದನಿಯಲ್ಲಿ ಬೇಸರಕ್ಕಿಂತ ಗೆದ್ದವರ ಸಡಗರವೇ ಹೆಚ್ಚಾಗಿತ್ತು.

"ನಿಂತಿಲ್ಲ ಮಾವ. ನಾನೇ ನಿಲ್ಲಿಸಿದ್ದೀನಿ," ಎಂದು ಸೊಸೆ ಹ್ಯಾಂಡ್‌ಬ್ರೇಕ್ ಎಳೆದಳು.

ಗುಡ್ಡದ ಏರು ಶುರುವಾಗುವ ಮುಂಚೆ ರಸ್ತೆ ಪಕ್ಕದಲ್ಲೊಂದು ಗೋದಾಮಿತ್ತು. ಅದರ ಮುಂದಿನ ಸಿಮೆಂಟ್ ಅಂಗಳವನ್ನು ಅವಳು ನೋಡಿಯೇ ಆರಿಸಿದ್ದಳು. ಅಲ್ಲಿ ಒಣಹುಲ್ಲಿಲ್ಲ, ತರಗೆಲೆಯಿಲ್ಲ, ಸೈಲೆನ್ಸರ್ ಎಷ್ಟೇ ಕಾದರೂ ಹೊತ್ತಿಕೊಳ್ಳುವಂಥದ್ದು ಏನೂ ಇಲ್ಲ. ಲಾರಿಯ ತುಂಬ ಆಸ್ಪತ್ರೆಯ ಹೊಸ ವಾರ್ಡಿಗೆ ಹೋಗಬೇಕಾದ ಹಾಸಿಗೆಗಳು. ಮಧ್ಯಾಹ್ನದೊಳಗೆ ಗುಡ್ಡ ದಾಟಿ ಇಳಿಸಬೇಕಿತ್ತು. ಸ್ಟೇರಿಂಗಿನ ಹಿಂದೆ ಹಳದಿ ದೀಪವೊಂದು ಮಿಟುಕುತ್ತಿತ್ತು.

ಆ ದೀಪ ಏನು ಕೇಳುತ್ತಿದೆಯೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಈ ಹೊಸ ಎಂಜಿನ್ ತನ್ನ ಮಸಿಯನ್ನು ಊರಿನ ಮುಖಕ್ಕೆ ಉಗುಳುವುದಿಲ್ಲ. ಸೈಲೆನ್ಸರಿನೊಳಗೇ ಸೋಸಿ ಹಿಡಿದಿಟ್ಟುಕೊಳ್ಳುತ್ತದೆ. ಅದು ತುಂಬಿದಾಗ ಲಾರಿಯನ್ನು ಒಂದೆಡೆ ನಿಲ್ಲಿಸಿ, ಗುಂಡಿಯೊತ್ತಿ, ಎಂಜಿನ್ನನ್ನು ಅರ್ಧ ಗಂಟೆ ಜೋರಾಗಿ ಓಡಲು ಬಿಟ್ಟರೆ ಆ ಕಾವಿಗೆ ಮಸಿ ಸುಟ್ಟುಹೋಗುತ್ತದೆ. ನಡುವೆ ಆರಿಸಕೂಡದು. ಆರಿಸುತ್ತ ಹೋದರೆ ಒಂದು ದಿನ ಲಾರಿ ಮುನಿಸಿಕೊಂಡು ಆಮೆಯಂತೆ ತೆವಳುತ್ತದೆ, ಆಮೇಲೆ ಎಳೆದುಕೊಂಡೇ ಹೋಗಬೇಕು. ಈ ವಾರ ಅವಳು ಗುಂಡಿಯೊತ್ತಿ ಚಹಾಕ್ಕೆ ಹೋದಾಗಲೆಲ್ಲ, ಮರಳಿ ಬರುವಷ್ಟರಲ್ಲಿ ಎಂಜಿನ್ ಆರಿರುತ್ತಿತ್ತು. ಯಂತ್ರದ್ದೇ ದೋಷವೇನೋ ಎಂದು ತಲೆ ಕೆಡಿಸಿಕೊಂಡಿದ್ದಳು. ಮಾವನ ಸಡಗರ ಕಂಡು ಈಗ ಬೇರೆಯೇ ಅನುಮಾನ ಬಂತು.

"ಮಾವ, ನಿಜ ಹೇಳಿ. ಮೊನ್ನೆಯೆಲ್ಲ ಆರಿಸಿದ್ದು ನೀವೇ ಅಲ್ವಾ?"

"ಮತ್ತಿನ್ಯಾರು? ಆಕ್ಸಿಲರೇಟರ್ ಮೇಲೆ ಕಾಲಿಲ್ಲ, ಆದರೂ ಭರ್ರೋ ಅಂತ ಕೂಗ್ಕೊಳ್ತಿತ್ತು. ಹಿಂದೆ ಬೆಂಕಿ ತರ ಕಾವು. ಹೊತ್ಕೊಂಡ್ರೆ ಯಾರಮ್ಮ ದಿಕ್ಕು? ನಿನ್ನ ಒಳ್ಳೇದಕ್ಕೇ ಕೀ ತಿರುಗಿಸ್ದೆ."

ಅವಳಿಗೆ ಸಿಟ್ಟು ನೆತ್ತಿಗೇರಿತು. ಹೊಸ ಲಾರಿ ಬಂದ ದಿನವೇ ಮಾವ ಷರತ್ತು ಹಾಕಿದ್ದರು: ಒಂದೇ ಒಂದು ಸಲ ಅದು ರಸ್ತೆಯಲ್ಲಿ ಕೈಕೊಟ್ಟರೂ ಅವಳು ಸ್ಟೇರಿಂಗ್ ಬಿಟ್ಟು ಮತ್ತೆ ಶಾಲೆಯ ವ್ಯಾನಿಗೆ ಹೋಗಬೇಕು, ಲಾರಿಗೆ ಬೇರೆ ಡ್ರೈವರ್ ಬರುತ್ತಾನೆ. ಗಂಡನನ್ನು ನೆಚ್ಚುವಂತಿರಲಿಲ್ಲ. ಡ್ರೈವರನ ಮಗನಾಗಿಯೂ ಅವನಿಗೆ ಲಾರಿ ಹತ್ತಿದರೆ ವಾಂತಿ. ಟೈಲರ್ ಅಂಗಡಿಯಲ್ಲಿ ಹೊಲಿಗೆ ಯಂತ್ರ ತುಳಿದುಕೊಂಡು ಹಾಯಾಗಿದ್ದ. ಷರತ್ತಿಗೆ ಅವಳು ನಗುತ್ತಲೇ ಒಪ್ಪಿದ್ದಳು. ತನ್ನ ಕೈಯ ಮೇಲೆ ಅವಳಿಗೆ ಅಷ್ಟು ಭರವಸೆಯಿತ್ತು.

ಗುಂಡಿಯೊತ್ತಿದಳು. ಎಂಜಿನ್ನಿನ ದನಿ ತಾನಾಗಿಯೇ ಏರಿತು. ಮಾವ ದಡಬಡಿಸಿ ಕೆಳಗಿಳಿದು ಲಾರಿಯ ಹಿಂದಕ್ಕೆ ಓಡಿದರು. ಸ್ವಲ್ಪ ಹೊತ್ತಿಗೆ ಮುಖ ಸಣ್ಣದು ಮಾಡಿಕೊಂಡು ಅವಳ ಬಾಗಿಲ ಬಳಿ ಬಂದರು.

"ಹೊಗೆ ನೋಡಿ ಎಂಜಿನ್ನಿನ ಹೊಟ್ಟೆನೋವು ಹೇಳ್ತಿದ್ದೋನಮ್ಮ ನಾನು. ಕಪ್ಪಾಗಿದ್ರೆ ಒಂದು ಕಾಯಿಲೆ, ನೀಲಿಯಾಗಿದ್ರೆ ಇನ್ನೊಂದು. ಇದು ಬಾಯೇ ಬಿಡಲ್ಲ. ಒಳಗೇನು ನಡೀತಿದೆ ಅಂತ ಹೆಂಗೆ ತಿಳೀಲಿ? ಭಯ ಆಗತ್ತೆ."

ಮಾವನ ಬಾಯಲ್ಲಿ ಭಯ ಎಂಬ ಮಾತನ್ನು ಅವಳು ಅದುವರೆಗೆ ಕೇಳಿರಲಿಲ್ಲ. ಸಿಟ್ಟು ಅಲ್ಲೇ ಇಳಿಯಿತು.

"ಈಗ ಅದು ದೀಪದಲ್ಲಿ ಮಾತಾಡತ್ತೆ ಮಾವ. ಹೊಟ್ಟೆಯಲ್ಲಿರೋ ಮಸಿ ಸುಟ್ಕೊಳ್ತಿದೆ, ಅಷ್ಟೇ. ಮುಗಿದ ಮೇಲೆ ತಾನೇ ತಣ್ಣಗಾಗತ್ತೆ." ಅವಳು ಕೀಯನ್ನು ಅದರ ಜಾಗದಲ್ಲೇ ಬಿಟ್ಟು ಕೆಳಗಿಳಿದಳು. "ಮುಖ ತೊಳ್ಕೊಂಡು ಬರ್ತೀನಿ. ಆರಿಸಲೇಬೇಕು ಅನ್ನಿಸಿದ್ರೆ ಆರಿಸಿ. ಆದ್ರೆ ಆಮೇಲೆ ಇದು ಗುಡ್ಡ ಹತ್ತಲ್ಲ, ನಾನೂ ಮತ್ತೆ ಸ್ಟೇರಿಂಗ್ ಕೇಳಲ್ಲ."

ಹೇಳುವಾಗ ಧೈರ್ಯವಾಗಿಯೇ ಹೇಳಿದಳು. ಗೋದಾಮಿನ ಹಿಂದಿನ ನಲ್ಲಿಯ ಬಳಿ ಬಂದಾಗ ಮಾತ್ರ ಆ ಧೈರ್ಯ ಉಳಿಯಲಿಲ್ಲ. ಮುಖ ತೊಳೆದಳು, ಕೈ ತೊಳೆದಳು, ತೊಳೆದ ಕೈಯನ್ನೇ ಮತ್ತೆ ತೊಳೆದಳು. ಅಲ್ಲಿದ್ದ ಕಲ್ಲಿನ ಮೇಲೆ ಕೂತು ಮೈಯೆಲ್ಲ ಕಿವಿಯಾದಳು. ಎಂಜಿನ್ ಒಂದೇ ಸಮನೆ ಓಡುತ್ತಿತ್ತು. ಎದ್ದು ಹೋಗಿ ಒಮ್ಮೆ ನೋಡಿ ಬರಬೇಕೆಂದು ಕಾಲು ತುಡಿದರೂ ತಡೆದುಕೊಂಡಳು. ಬಿಸಿಲು ಕಲ್ಲಿಗೂ ಬಂತು. ಆಗ ಇದ್ದಕ್ಕಿದ್ದಂತೆ ದನಿ ಕುಸಿಯಿತು. ಅಯ್ಯೋ, ಆರಿಸಿಯೇಬಿಟ್ಟರು ಎಂದುಕೊಂಡು ಓಡಿದಳು.

ಎಂಜಿನ್ ಆರಿರಲಿಲ್ಲ. ಕೆಲಸ ಮುಗಿಸಿ ತನ್ನ ಪಾಡಿಗೆ ಮೆಲ್ಲಗೆ ಗುನುಗುತ್ತಿತ್ತು. ಲಾರಿಯ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ಮಾವ ನಿಂತಿದ್ದರು. ಎದುರಿಗೆ ಗೋದಾಮಿನ ಕಾವಲುಗಾರ ಕೋಲು ಹಿಡಿದು ರೇಗಾಡುತ್ತಿದ್ದ.

"ಆಗ್ಲಿಂದ ಹೇಳ್ತಿದ್ದೀನಿ, ಎಂಜಿನ್ ಆಫ್ ಮಾಡಿ ಅಂತ! ಕಿವಿ ಕೇಳಲ್ವಾ ನಿಮಗೆ?"

"ಆಫ್ ಮಾಡಕೂಡ್ದು ಸ್ವಾಮಿ! ಅದು ಹೊಟ್ಟೆಯಲ್ಲಿರೋ ಮಸಿ ಸುಟ್ಕೊಳ್ತಿದೆ. ಅರ್ಧಕ್ಕೆ ಆರಿಸಿದ್ರೆ ಕೆಟ್ಟುಹೋಗತ್ತೆ. ಅಷ್ಟೂ ಗೊತ್ತಾಗಲ್ವಾ?"

"ಯಾರು ಹೇಳಿದ್ದು ನಿಮಗೆ?"

"ನಮ್ಮ ಡ್ರೈವರ್ ಹೇಳಿದ್ದಾರೆ. ಮುಖ ತೊಳ್ಕೊಳ್ಳೋಕೆ ಹೋಗಿದ್ದಾರೆ, ಬರ್ಲಿ, ಅವರನ್ನೇ ಕೇಳಿ."

ಗೋಡೆಯ ಮರೆಯಲ್ಲಿ ಅವಳು ನಿಂತುಬಿಟ್ಟಳು. ಒದ್ದೆ ಮುಖವನ್ನು ಇನ್ನೊಮ್ಮೆ ಸೆರಗಿನಿಂದ ಒರೆಸಿಕೊಂಡು, ಏನೂ ಕೇಳಿಸದವಳಂತೆ ಬಂದು ಲಾರಿ ಹತ್ತಿದಳು. ದೀಪ ಆರಿತ್ತು. ಮಾವ ಪಕ್ಕದ ಸೀಟಿನಲ್ಲಿ ಬಂದು ಕೂತರು.

ಹಾಸಿಗೆಗಳನ್ನು ಹೊತ್ತು ಲಾರಿ ಏರನ್ನು ಒಂದೇ ಉಸಿರಿಗೆ ಹತ್ತತೊಡಗಿತು. ಮೊದಲ ತಿರುವು ದಾಟಿದ ಮೇಲೆ ಮಾವ ತಮ್ಮ ಕಡೆಯ ಕನ್ನಡಿಯತ್ತ ಬಗ್ಗಿದವರು ಹಾಗೇ ನೋಡುತ್ತ ಉಳಿದರು. ಅವಳೂ ತನ್ನ ಕನ್ನಡಿಯಲ್ಲಿ ನೋಡಿದಳು. ಏರಿನಲ್ಲೂ ಹಿಂದೆ ಹೊಗೆಯ ಒಂದೆಳೆಯೂ ಇರಲಿಲ್ಲ. ಲಾರಿಯ ಹಿಂದೆಯೇ ಒಬ್ಬ ಹೆಂಗಸು ಸ್ಕೂಟರಿನಲ್ಲಿ ಬರುತ್ತಿದ್ದಳು. ಮುಂದೆ ನಿಂತಿದ್ದ ಮಗು ಬಾಯಿ ದೊಡ್ಡದಾಗಿ ತೆರೆದು ಏನೋ ಹಾಡುತ್ತಿತ್ತು. ದಾರಿ ಬಿಟ್ಟುಕೊಟ್ಟರೂ ಸ್ಕೂಟರಿನವಳು ಮುಂದೆ ಹೋಗಲಿಲ್ಲ. ಗುಡ್ಡದ ನೆತ್ತಿಯವರೆಗೂ ಹಿಂದೆಯೇ ಬಂದಳು.