ಎಡಗಡೆಯ ಹಿಂಬಾಗಿಲು

ನನ್ನ ಅಕ್ಷರ ದುಂಡಗಿಲ್ಲ, ಪದಗಳೂ ಹೆಚ್ಚು ಗೊತ್ತಿಲ್ಲ. ಒಂಬತ್ತನೇ ತರಗತಿಯ ನಡುವೆಯೇ ಶಾಲೆ ಬಿಟ್ಟವಳು ನಾನು. ಒಂದೊಂದು ವಾಕ್ಯವನ್ನೂ ಮೂರು ನಾಲ್ಕು ಸಲ ಹೊಡೆದುಹಾಕಿ ಬರೆದಿದ್ದೇನೆ, ಓದುವವರು ಮನ್ನಿಸಬೇಕು. ಆದರೆ ಅತ್ತೆಯ ಬಗ್ಗೆ ಅಂದಾಜಿನಲ್ಲಿ ಬರೆಯುವಂತಿಲ್ಲ. ಅಂದಾಜು ಎಂದರೆ ಅವರಿಗೆ ಆಗದು.

ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಯಾರನ್ನು ಕಂಡರೂ ಮೊದಲು ನೋಡುವುದು ಹಲ್ಲನ್ನು. ಮುಖ ಮರೆತಾರು, ಹಲ್ಲು ಮರೆಯರು. ಬಸ್ಸಿನಲ್ಲಿ ಯಾರಾದರೂ ನಕ್ಕರೆ ನನ್ನ ಮೊಣಕೈ ತಿವಿದು, "ಮೇಲಿನ ಸಾಲು ನಂದೇ ಕಣೇ" ಎಂದು ಪಿಸುಗುಟ್ಟುತ್ತಾರೆ. ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಅವರದು ಇಪ್ಪತ್ತಾರು ವರ್ಷದ ಕೆಲಸ. ಬಿಳಿ ಕೋಟಿನ ಬಲಜೇಬು ಮೇಣದ ಹಲಗೆ, ಚಿಮಟ, ಪುಟ್ಟ ಅರಗಳ ಭಾರಕ್ಕೆ ಜೋತುಬಿದ್ದಿರುತ್ತದೆ. ಆದ್ದರಿಂದಲೋ ಏನೋ ಅವರು ಬಲಭುಜ ತುಸು ತಗ್ಗಿಸಿಯೇ ನಡೆಯುತ್ತಾರೆ. ಮನೆಗೆ ಬಂದರೂ ಕೋಟು ಕಳಚುವುದಿಲ್ಲ. ಮಾತುಮಾತಿಗೆ "ಕೂತ್ಕೊಂಡಿತಾ?" ಎಂದು ಕೇಳುವುದು ರೂಢಿ. ಹಲ್ಲಿಗೂ ಅದೇ ಪ್ರಶ್ನೆ, ಪಾತ್ರೆಯ ಮುಚ್ಚಳಕ್ಕೂ ಅದೇ, ನನ್ನ ಹೊಸ ಚಪ್ಪಲಿಗೂ ಅದೇ.

ಅವರದೊಂದು ಹಠವಿದೆ. ಅಳತೆ ಎಷ್ಟೇ ಸರಿಯಿರಲಿ, ಹಲ್ಲುಗಳನ್ನು ಮೇಣದಲ್ಲಿ ಜೋಡಿಸಿ, ಒಮ್ಮೆ ಅದೇ ಬಾಯಿಗೆ ಇಟ್ಟು ನೋಡದೆ ಮುಂದಿನ ಕೆಲಸಕ್ಕೆ ಕೈಹಾಕುವುದಿಲ್ಲ. ಡಾಕ್ಟರು ಅವಸರ ಮಾಡಿದರೆ, "ಅಗಿಯೋದು ನೀವಲ್ಲವಲ್ಲ ಸಾರ್" ಎನ್ನುತ್ತಾರಂತೆ.

ಮನೆಯಲ್ಲಿ ನಾವು ಮೂವರು: ಅತ್ತೆ, ನಾನು, ಅಜ್ಜ. ಅಜ್ಜ ಮೂವತ್ತು ವರ್ಷ ಟ್ಯಾಕ್ಸಿ ಓಡಿಸಿದವರು. ಕಳೆದ ವರ್ಷ ಎರಡೂ ಕಣ್ಣು ಹೋದವು. ಅಂದಿನಿಂದ ಕೈಗಳನ್ನು ತೊಡೆಗಳ ನಡುವೆ ಅಡಗಿಸಿ ಕಿಟಕಿಯ ಬಳಿ ಕೂತುಬಿಟ್ಟರು. ಏನನ್ನೂ ತಾವಾಗಿ ಮುಟ್ಟರು, ಬೇಕು ಅನ್ನರು, ಬೇಡ ಅನ್ನರು. ಅತ್ತೆ ಅದನ್ನು ನೋಡಿ ನೋಡಿ ಒಂದು ದಿನ ಪ್ಲಾಸ್ಟಿಕ್ ಕಾರಿನ ಕಿಟ್ ತಂದರು. "ಅಪ್ಪನ ಕೈಗೆ ಅಪ್ಪನ ಗಾಡೀನೇ ಕೊಡ್ತೀನಿ. ಮುಟ್ಟಿದ ತಕ್ಷಣ ಗೊತ್ತಾಗ್ಬೇಕು. ಅಲ್ಲೀವರೆಗೂ ಬಾಯಿ ಬಿಡಬೇಡ" ಎಂದು ನನ್ನಿಂದ ಮಾತು ತೆಗೆದುಕೊಂಡರು.

ಗಾಡಿಯ ಜಾತಿ ಅದೇ, ಆದರೆ ಕಿಟ್ಟಿನಲ್ಲಿ ಸ್ಟೀರಿಂಗು ಇನ್ನೊಂದು ಬದಿಗಿತ್ತು, ಬಾಗಿಲುಗಳು ಬಾಡಿಯೊಂದಿಗೇ ಎರಕವಾಗಿದ್ದವು. ಅತ್ತೆ ಡ್ಯಾಶ್‌ಬೋರ್ಡನ್ನು ಕೊಯ್ದು ಬದಿ ಬದಲಿಸಿ ಅಂಟಿಸಿದರು. ನೂಲಿನಷ್ಟು ತೆಳ್ಳನೆಯ ಗರಗಸದಿಂದ ನಾಲ್ಕೂ ಬಾಗಿಲು ಬಿಡಿಸಿ, ಹಲ್ಲಿಗೆ ಹಾಕುವ ತಂತಿ ಬಗ್ಗಿಸಿ ಕೀಲು ಮಾಡಿದರು. ಒಂದು ಬಾಗಿಲು ಕೂದಲೆಳೆಯಷ್ಟು ತಾಗುತ್ತದೆಂದು ಇಡೀ ಭಾನುವಾರ ಅರ ಆಡಿಸಿದರು.

"ಅದೇನೇ ಕೆರೆಯೋ ಸದ್ದು?" ಎಂದರು ಅಜ್ಜ ಕಿಟಕಿಯ ಬಳಿಯಿಂದ.

"ಯಾರದೋ ದವಡೆ ಅಪ್ಪಾ. ಮಹಾ ಮೊಂಡು."

ಬಣ್ಣಕ್ಕೆ ಮುಂಚೆ ಬಾಡಿಯನ್ನು ನುಣುಪು ಮಾಡುವ ಕೆಲಸ ನನ್ನದಾಯಿತು. ಅತ್ತೆ ಲ್ಯಾಬಿಗೆ ಹೋದ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿದೆ. ಎಡಗಡೆಯ ಹಿಂಬಾಗಿಲಲ್ಲಿ, ಹಿಡಿಯ ಪಕ್ಕ, ಒಂದು ಸಣ್ಣ ಗುಂಡಿ ಸಿಕ್ಕಿತು. ಕಿಟ್ಟಿನ ದೋಷವೆಂದುಕೊಂಡೆ. ಪುಟ್ಟಿ ತುಂಬಿ, ಒಣಗಲು ಬಿಟ್ಟು, ಸ್ಯಾಂಡ್‌ಪೇಪರಿನಿಂದ ಎರಡು ಗಂಟೆ ಉಜ್ಜಿದೆ.

ಸಂಜೆ ಅತ್ತೆಯ ಹೆಬ್ಬೆರಳು ಆ ಬಾಗಿಲ ಮೇಲೆ ಹೋಗಿ ನಿಂತಿತು.

"ಎಷ್ಟು ಚೆನ್ನಾಗಿ ಮುಚ್ಚಿದೀಯೇ, ಎಲ್ಲಿತ್ತು ಅಂತಾನೇ ಗೊತ್ತಾಗ್ತಿಲ್ಲ" ಎಂದರು. ಆಮೇಲೆ ನಿಧಾನವಾಗಿ, "ಅದು ನೆಗ್ಗು ಕಣೇ. ಅಪ್ಪನ ಗಾಡೀಲಿ ಇತ್ತು. ಚಮಚ ಕಾಯಿಸಿ ಒತ್ತಿ ಒತ್ತಿ ಮೂರು ದಿನ ಮಾಡಿದ್ದೆ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅತ್ತೆ ಬೈಯಲಿಲ್ಲ. ಮತ್ತೆ ಚಮಚ ಕಾಯಿಸಿದರು, ಬಾಗಿಲ ಹತ್ತಿರ ತಂದರು, ಹಾಗೇ ಕೆಳಗಿಟ್ಟರು.

"ಎಷ್ಟು ಆಳ ಇತ್ತು, ನಿಜವಾಗ್ಲೂ ನಂಗೊತ್ತಾ? ಬಾಯಿಗೆ ಇಟ್ಟು ನೋಡದೆ ಹಲ್ಲು ಮಾಡ್ಬಿಟ್ಟೆನಲ್ಲೇ!"

ಜೇಬಿನಿಂದ ಗುಲಾಬಿ ಮೇಣ ತೆಗೆದು ಬಾಗಿಲಿನ ಆಕಾರಕ್ಕೆ ಕತ್ತರಿಸಿ, ಬಿಸಿನೀರಿನಲ್ಲಿ ಮೆದು ಮಾಡಿ, ಅಜ್ಜನ ಮುಂದೆ ಹಿಡಿದರು. ಗುಟ್ಟು ರಟ್ಟಾಯಿತೆಂದು ಅವರಿಗೆ ಒಂದಿಷ್ಟೂ ಬೇಸರವಿದ್ದಂತೆ ಕಾಣಲಿಲ್ಲ.

"ಅಪ್ಪಾ, ಇದು ನಿನ್ನ ಟ್ಯಾಕ್ಸಿ ಎಡಗಡೆ ಹಿಂಬಾಗಿಲು ಅಂದ್ಕೋ. ಆ ನೆಗ್ಗು ಎಲ್ಲಿತ್ತು ತೋರ್ಸು."

"ಅದ್ಯಾಕೆ ಈಗ?"

"ಬೇಕು."

ಅಜ್ಜನ ಬಲಗೈ ನಿಧಾನವಾಗಿ ತೊಡೆಗಳ ನಡುವಿನಿಂದ ಹೊರಬಂತು. ಮೇಣದ ಅಂಚು ತಡವಿ, ಕೆಳಭಾಗದಲ್ಲಿ ಹೆಬ್ಬೆರಳ ಉಗುರಿನಿಂದ ಉದ್ದಕ್ಕೆ ಎಳೆದರು.

"ಇಲ್ಲಿ. ಗುಂಡಿ ಅಲ್ಲ, ಉದ್ದ ನೆಗ್ಗು. ಆಸ್ಪತ್ರೆ ಗೇಟು ಸವರಿದ್ದು, ನಿನ್ನ ತಮ್ಮ ಹುಟ್ಟಿದ ದಿನ. ಹಿಂದೆ ಕೂತ್ಕೊಂಡು ಚಪ್ಪಾಳೆ ಬೇರೆ ತಟ್ಟಿದ್ದೆ, ಕತ್ತೆ."

ಅತ್ತೆಗೆ ಆಗ ಆರು ವರ್ಷ. ಅವರ ನೆನಪಿನಲ್ಲಿ ಹಿಡಿಯ ಪಕ್ಕ ದುಂಡಗಿದ್ದದ್ದು ಅಜ್ಜನ ಉಗುರಿನಡಿ ಕೆಳಗಿಳಿದು ನೀಳವಾಯಿತು.

"ಮುಚ್ಚಿದೋಳು ನೀನು, ತೆರೆಯೋಳೂ ನೀನೇ" ಎಂದು ಅತ್ತೆ ಚಮಚವನ್ನು ನನ್ನ ಕೈಗಿತ್ತರು. ಮೇಣವನ್ನು ಪಕ್ಕದಲ್ಲಿಟ್ಟುಕೊಂಡು ಎರಡು ದಿನ ಒತ್ತಿದೆ.

ಇವತ್ತು ಮಧ್ಯಾಹ್ನ ಅತ್ತೆ ಗಾಡಿಯನ್ನು ಅಜ್ಜನ ಮಡಿಲಲ್ಲಿಟ್ಟರು. ಬೆರಳುಗಳು ಬಾನೆಟ್ಟಿನಿಂದ ಮೇಲೇರಿ ಛಾವಣಿ ದಾಟಿ ಎಡಕ್ಕಿಳಿದವು. ನೆಗ್ಗಿನ ಉದ್ದಕ್ಕೂ ಒಮ್ಮೆ ಹೋದವು, ಹಿಂದಿರುಗಿದವು, ಮತ್ತೆ ಹೋದವು. ಅಜ್ಜ ಉಗುರು ಕೊಟ್ಟು ಹಿಂಬಾಗಿಲು ತೆರೆದು, ಅತ್ತೆಯ ದನಿಯಿದ್ದ ಕಡೆಗೆ ತಿರುಗಿದರು.

"ಎಲ್ಲಿಗಮ್ಮಾ ಹೋಗ್ಬೇಕು?"

ಎಂದೂ ಮಾತಿಗೆ ತಡವರಿಸದ ಅತ್ತೆ ಒಂದು ಗಳಿಗೆ ಕೋಟಿನ ಗುಂಡಿ ತಿರುವಿದರು.

"ಮೊದ್ಲು ಮೀಟರ್ ಹಾಕು. ಆಮೇಲೆ ಹೇಳ್ತೀನಿ."

ಪ್ರೀತಿ ತುಂಬಿದ ಜನ ನಮ್ಮ ಬಗ್ಗೆ ಎಲ್ಲ ತಿಳಿದಂತೆ ನಡೆದುಕೊಳ್ಳುವುದನ್ನು ನಾನು ಸಾಕಷ್ಟು ಕಂಡಿದ್ದೇನೆ. ಅತ್ತೆಯಂಥವರು ಕಡಿಮೆ. ಅವರು ಪ್ರೀತಿಯಲ್ಲೂ ಅಳತೆ ಕೇಳುತ್ತಾರೆ, ತಮ್ಮ ನೆನಪಿಗಿಂತ ಇನ್ನೊಬ್ಬರ ಬೆರಳನ್ನು ಹೆಚ್ಚು ನಂಬುತ್ತಾರೆ. ಮೂರು ದಿನದ ಕೆಲಸ ತಪ್ಪೆಂದು ತಿಳಿದರೂ ಅವರ ಮುಖ ಸಣ್ಣದಾಗುವುದಿಲ್ಲ.

ಗಾಡಿಗೆ ಇನ್ನೂ ಬಣ್ಣವಾಗಿಲ್ಲ. ನಾಳೆ ಬೆಳಿಗ್ಗೆ ಬಣ್ಣ ಯಾವುದಿತ್ತೆಂದು ಅಜ್ಜನನ್ನು ಕೇಳಿ, ಹೇಳಿದ್ದನ್ನು ಬರೆದುಕೊಂಡು, ಡಬ್ಬಿ ತರಲು ಹೋಗುತ್ತೇನೆ.